ಎಲ್ಲಾದಕ್ಕೂ ‘ಟೆನ್ಶನ್’ ಅಂತ ಒಂದ ಹೆಸರ ಇಡಬ್ಯಾಡ್ರಿ ಅಕ್ಕಾರ

ಪ್ರಶ್ನೆ: ನಮಸ್ಕಾರ್ರೀ ಸರ್. ನಾ ರಾಮದುರ್ಗ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಸಾಲ್ಯಾಗ ಟೀಚರ್ ಅದೀನಿ, ವಯಸ್ಸು 43. ಕೊರೊನಾ ಎರಡನೇ ಅಲಿಯೊಳಗ, 2021ರ ಏಪ್ರಿಲ್ ಕಡೀ ವಾರದಾಗ, ನನ್ನ ಜೋಡಿ ಟೀಚರ್ ತೀರಿಕೊಂಡ್ಲು. 38 ವರ್ಷ ಆಕಿಗೆ, ಸಣ್ಣ ಮಕ್ಕಳು. ಆಕಿ ಹೋಗಿದ್ದ ಕೊರೊನಾ ಡ್ಯೂಟಿ ಮೊದಲ ನನಗ ಬಂದಿತ್ತು, ನಾ ಬಿಪಿ ಐತಿ ಅಂತ ಡಾಕ್ಟರ್ ಚೀಟಿ ಕೊಟ್ಟು ಕ್ಯಾನ್ಸಲ್ ಮಾಡಿಸಿಕೊಂಡೆ, ಆಮ್ಯಾಲ ಆಕಿ ಹೆಸರು ಬಂತು. ಅವತ್ತಿನಿಂದ ಸರಿ ಇಲ್ರಿ ನಾ. ಈಗ ಒಂದ ವರ್ಷದಿಂದ ಭಾಳ ಆಗೇತಿ, ನಸುಕಿನ್ಯಾಗ 3ಕ್ಕ ಎಚ್ಚರ ಆಗತೈತಿ, ವಾಟ್ಸಾಪ್ ಗ್ರೂಪಿನ ಟಿಂಗ್ ಸಪ್ಪಳಕ್ಕ ಎದಿ ಬಡಕೋತೈತಿ, ಇಸಿಜಿ ತಗಸಿದೆ ನಾರ್ಮಲ್ ಅಂದ್ರು. ಹಾಜರಿ ಕರಿಯೂಮುಂದ ಹುಡುಗೂರ ಮಾರಿ ಕಾಣೂದಿಲ್ಲ, ಬರೇ ಹೆಸರು ನಂಬರ್ ಕಾಣತಾವ. ಹೋದ ತಿಂಗಳ ಮೂರನೇತ್ತಾ ಹುಡುಗನ ಕಪಾಳಕ್ಕ ಹೊಡದೆ, 19 ವರ್ಷದ ಸರ್ವಿಸಿನ್ಯಾಗ ನಾ ಯಾರಿಗೂ ಕೈ ಎತ್ತಿದಾಕಿ ಅಲ್ಲ. ಮೆಡಿಕಲ್ ಶಾಪಿನ್ಯಾಗ ಕೊಟ್ಟ ನಿದ್ದಿ ಗುಳಿಗಿ, ಅಲ್ಪ್ರಜೋಲಾಮ್ 0.5, ದಿನಾ ರಾತ್ರಿ ಒಂದು ತಗೋತೀನಿ, ಒಂದೊಂದ ದಿನ ಎರಡು. ಮನಿಯವರು ‘ಕೊರೊನಾ ಮುಗದು ಎಷ್ಟ ವರ್ಷ ಆತು, ಇನ್ನೂ ಅದನ್ನ ಹಿಡಕೊಂಡ ಕೂತಿ, ಎಲ್ಲಾರಿಗೂ ಟೆನ್ಶನ್ ಇರತೈತಿ’ ಅಂತಾರ. ಒಮ್ಮೊಮ್ಮೆ ಮಲಗಿದಾಕಿ ಏಳದಿದ್ರ ಚಲೋ ಅನಸತೈತಿ. ಮಾನಸಿಕ ಡಾಕ್ಟರ್ ಕಡೆ ಹೋದ್ರ ಸರ್ವಿಸ್ ರೆಕಾರ್ಡಿಗೆ ಬೀಳತೈತೇನು? ಊರಾಗ ಹೆಸರು ಕೆಡತೈತೇನು? ಮತ್ತ ಅಂಥಾ ರೋಗ ಬಂದ್ರ ನಾ ತಡಕೊಳ್ಳಾಕಿ ಅಲ್ರಿ.

ಉತ್ತರ: ಅಕ್ಕಾರ, ನಿಮ್ಮ ಪತ್ರ ಎರಡ ಸಲ ಓದಿದೆ. ಉತ್ತರ ಉದ್ದ ಆಗತೈತಿ, ಸಾವಕಾಶ ಕುಂತು ಓದ್ರಿ. ಆದ್ರ ಎಲ್ಲಾಕಿಂತ ಮೊದಲ ಆ ಗುಳಿಗಿ ವಿಷಯ ಹೇಳಿಬಿಡತೀನಿ, ಯಾಕಂದ್ರ ನೀವು ಇದನ್ನ ಓದಿ ಹೆದರಿ ಇವತ್ತ ರಾತ್ರಿನ ಅದನ್ನ ತಿಪ್ಪಿಗೆ ಒಗದ್ರ ಮತ್ತೊಂದ ಆಗತೈತಿ.

ಅಲ್ಪ್ರಜೋಲಾಮ್ ಚೀಟಿ ಇಲ್ಲದ ಕೊಡೂ ಗುಳಿಗಿ ಅಲ್ಲ, ಶೆಡ್ಯೂಲ್ ಎಚ್-1 ಒಳಗ ಬರತೈತಿ, ಅಂಗಡಿಯವರು ಅದನ್ನ ಬ್ಯಾರೆ ರಜಿಸ್ಟರ್‌ನ್ಯಾಗ ಬರದು ಇಡಬೇಕು. ನಿಮಗ ಹಂಗ ಕೊಟ್ಟಾರ, ಅದು ಅವರ ತಪ್ಪು, ನಿಮ್ಮದಲ್ಲ. ಆದ್ರ ದಿನಾ ತಗೊಂಡು ದೇಹಕ್ಕ ಅದು ರೂಢಿ ಆಗೇತಿ, ಒಂದು ಇದ್ದದ್ದು ಎರಡು ಆಗಾಕ ಹತ್ತೇತಿ ಅಂದ್ರ ಅದನ್ನ ಹೇಳತೈತಿ. ಇದನ್ನ ಒಮ್ಮಿಗೆ ಬಿಟ್ರ ನಿದ್ದಿ ಪೂರ್ತಿ ಹೋಗತೈತಿ, ಕೈ ನಡಗತಾವ, ಎದಿ ಇನ್ನೂ ಜೋರ ಬಡಕೋತೈತಿ, ಕೆಲವರಿಗೆ ಫಿಟ್ಸ್ ಸುದ್ದಾ ಬರತೈತಿ. ಅದಕ್ಕ ಬಿಡಬ್ಯಾಡ್ರಿ, ಎರಡಕ್ಕೂ ಏರಿಸಬ್ಯಾಡ್ರಿ, ಡಾಕ್ಟರ್ ಕಂಡ ಮ್ಯಾಲ ಅವರು ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕಡಿಮಿ ಮಾಡಿ ತಗಸ್ತಾರ. ಇನ್ನೊಂದು, ನೀವು ರಾತ್ರಿ ತಗೊಂಡ ಗುಳಿಗಿಯ ಜೋರು ಇಳಿಯೂ ಹೊತ್ತು ನಸುಕಿನ 3 ಗಂಟಿಗೆ ಬಂದು ಬೀಳತೈತಿ, ನಿಮ್ಮ ಎಚ್ಚರಕ್ಕ ಅದರದೂ ಒಂದ ಪಾಲು ಇರಬಹುದು. ನಿದ್ದಿಗೆ ಅಂತ ತಗೊಂಡದ್ದ ನಿದ್ದಿ ತಿನ್ನೂದು ನಾ ವಾರಕ್ಕ ಒಬ್ಬರಲ್ಲ ಒಬ್ಬರಾಗ ನೋಡತೀನಿ.

ಎರಡನೇ ತುರ್ತು ಮಾತು. ‘ಏಳದಿದ್ರ ಚಲೋ’ ಅಂತ ಪತ್ರದ ಕಡೀಗೆ ಸಣ್ಣಗೆ ಬರದೀರಿ, ನಾ ಅದನ್ನ ಸಣ್ಣದು ಅಂತ ಓದಲಿಲ್ಲ. ಹಂಗ ಅನಸೂದು ನೀವು ಕೆಟ್ಟವರು ಅಂತ ಅಲ್ಲ, ದಣಿದ, ಕಾಯಿಲಿ ಬಿದ್ದ ಮನಸ್ಸು ಆಡೂ ಮಾತು ಅದು. ಆದ್ರ ಅದು ‘ಏಳದಿದ್ರ ಚಲೋ’ದಿಂದ ‘ಏನರ ಮಾಡಿಕೊಳ್ಳಲೇನು’ ಅನ್ನೂ ಕಡೆ ಒಂದ ಹೆಜ್ಜಿ ಸರದ್ರ ದವಾಖಾನಿಗೆ ತಜ್ಞರು ಬರೂ ಮಂಗಳವಾರ, ರಜಾ, ಪರೀಕ್ಷೆ ಯಾವುದನ್ನೂ ಕಾಯಬ್ಯಾಡ್ರಿ, ಅವತ್ತ ಮನಿಯವರನ್ನ ಕರಕೊಂಡು ಹತ್ತಿರದ ದವಾಖಾನಿಗೆ ಹೋಗ್ರಿ, ರಾತ್ರಿ ಆಗಿದ್ರ 14416ಕ್ಕ ಫೋನ್ ಮಾಡ್ರಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ಕ್ಕ ಕೇಂದ್ರ ಸರ್ಕಾರ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ರೊಕ್ಕ ಇಲ್ಲ, 24 ತಾಸು, ಕನ್ನಡದಾಗ ಮಾತಾಡ್ತಾರ. ಗುಳಿಗಿ ಪಟ್ಟಿ ಮನಿಯವರ ಕೈಯಾಗ ಇರಲಿ, ದಿನಾ ಒಂದ ಒಂದ ಕೊಡಲಿ.

ಈಗ ನಿಮ್ಮ ಮನಿಯವರ ‘ಟೆನ್ಶನ್’ ಅನ್ನೂ ಮಾತಿಗೆ ಬರತೀನಿ. ನಮ್ಮ ಕಡೆ ಈ ಒಂದ ಶಬ್ದದಾಗ ಎಲ್ಲಾನೂ ತುಂಬಿ ಇಟ್ಟಾರ ನೋಡ್ರಿ. ಬಿಇಓ ಮೀಟಿಂಗ್ ಅಂದ್ರೂ ಟೆನ್ಶನ್, ಮಗಳ ಮದುವಿ ಅಂದ್ರೂ ಟೆನ್ಶನ್, ಗೆಳತಿ ಸತ್ತದ್ದೂ ಟೆನ್ಶನ್, ನಿದ್ದಿ ಬರದಿದ್ದೂ ಟೆನ್ಶನ್. ಹಂಗ ಅಂದಕೂಡಲೆ ಔಷಧಾನೂ ಒಂದ ಆಗಿಬಿಡತೈತಿ, ‘ಪ್ರಾಣಾಯಾಮ ಮಾಡ್ರಿ, ಜಾಸ್ತಿ ವಿಚಾರ ಮಾಡಬ್ಯಾಡ್ರಿ.’ ನಿಮ್ಮ ಪತ್ರದಾಗ ನನಗ ಕಂಡದ್ದು ಒಂದಲ್ಲ, ಬ್ಯಾರೆ ಬ್ಯಾರೆ ಮೂರು. ಕೆಲಸದ ದಣಿವು ಐತಿ, ಅಳದ ಉಳದ ದುಃಖ ಐತಿ, ಮತ್ತ ಇವೆರಡರ ಮ್ಯಾಲ ಬೆಳದ ಕಾಯಿಲಿ ಐತಿ. ದಣಿವಿಗೆ ಗುಳಿಗಿ ಕೊಟ್ರ ಹೋಗೂದಿಲ್ಲ, ಕಾಯಿಲಿಗೆ ರಜಾ ಹಾಕಿದ್ರ ಹೋಗೂದಿಲ್ಲ, ದುಃಖಕ್ಕ ಇವೆರಡೂ ನಡಿಯೂದಿಲ್ಲ.

ದಣಿವು ಮೊದಲ ನೋಡೋಣು, ಅದು ಹಳೇದು. ಮಂದಿ ಕೊರೊನಾ ಅಂದ್ರ ‘ಮಾಸ್ತರಗೋಳು ಮನ್ಯಾಗ ಕೂತು ಪಗಾರ ತಗೊಂಡ್ರು’ ಅಂತಾರ, ಆ ಮಾತು ಕೇಳಿದ್ರ ನನಗ ಸಿಟ್ಟ ಬರತೈತಿ, ನಮ್ಮಪ್ಪನೂ ಕನ್ನಡ ಸಾಲಿ ಮಾಸ್ತರ ಇದ್ದಾಂವ. ಲೆಕ್ಕಾ ಹಾಕ್ರಿ ಒಮ್ಮೆ. 2019ರ ಆಗಸ್ಟ್‌ದಾಗ ಮಲಪ್ರಭಾ ಹೊಳಿ ಬಂದು ನಿಮ್ಮ ರಾಮದುರ್ಗ ಕಡಿ ಊರಿಗೆ ಊರ ನೀರಾಗ ನಿಂತ್ವು, ಸಾಲಿಗೋಳು ಗಂಜಿ ಕೇಂದ್ರ ಆದ್ವು, ಆ ಕೆಸರು ಬಳದು ಗ್ವಾಡಿಗೆ ಸುಣ್ಣ ಬಳಿಯೂದ್ರಾಗ 2020ರ ಮಾರ್ಚ್ ಬಂತು, 25ಕ್ಕ ದೇಶ ಬಂದ್ ಆತು, ಗೋವಾ ಮಹಾರಾಷ್ಟ್ರಕ್ಕ ದುಡಿಯಾಕ ಹೋದ ಮಂದಿ ತಿರುಗಿ ಬಂದ್ರ ಅವರ ಹೆಸರು ಬರಕೊಳ್ಳಾಕ, ಕ್ವಾರಂಟೈನ್ ಸೆಂಟರ್ ಕಾಯಾಕ, ಮನಿಮನಿ ಸರ್ವೇಕ್ಕ ಮಾಸ್ತರ್ ಬೇಕಾದ್ರು, ಜೂನ್ 25ರಿಂದ ಎಸೆಸೆಲ್ಸಿ ಪರೀಕ್ಷೆ ಆತು, ಆಗಸ್ಟ್‌ದಾಗ ವಿದ್ಯಾಗಮ ಅಂತ ಗುಡಿ ಕಟ್ಟಿ ಮ್ಯಾಲ, ಬೇವಿನ ಗಿಡದ ನೆಳ್ಳಾಗ ಪಾಠ, ಅಕ್ಟೋಬರ್‌ದಾಗ ಸೋಂಕಿನ ಸುದ್ದಿ ಎದ್ದು ಅದೂ ನಿಂತು, ಡಿಸೆಂಬರ್ 22 ಮತ್ತ 27ಕ್ಕ ಗ್ರಾಮ ಪಂಚಾಯಿತಿ ಇಲೆಕ್ಷನ್, ಹೊಸಾ ವರ್ಷಕ್ಕ ವಿದ್ಯಾಗಮ ಮತ್ತ ಸಾಲಿ ಆವರಣದಾಗ, ಇನ್ನೇನ ಸರಿ ಹೋತು ಅನ್ನೂದ್ರಾಗ ಎರಡನೇ ಅಲಿ, 2021ರ ಜುಲೈ 19 ಮತ್ತ 22ಕ್ಕ ಎರಡ ದಿನದ ಎಸೆಸೆಲ್ಸಿ, ಅಕ್ಟೋಬರ್ 25ಕ್ಕ ಒಂದನೇತ್ತಾದಿಂದ ಐದನೇತ್ತಾ ತನಕಾ ಹುಡುಗೂರು ತಿರುಗಿ ಬಂದ್ರು, ಬಂದ್ರ ಮೂರನೇತ್ತಾ ಹುಡುಗಗ ‘ಅ ಆ’ ಮರತು ಹೋಗಿತ್ತು, ಆಮ್ಯಾಲ 2022ಕ್ಕ ಕಲಿಕಾ ಚೇತರಿಕೆ ಅಂತ ಮರತದ್ದನ್ನ ತಿರುಗಿ ಕಲಸೂ ಕಾರ್ಯಕ್ರಮ. ಈ ಎಲ್ಲಾದರ ನಡುವ ನೀವು ಒಂದ ವಾರ ಕೂತು ಉಸಿರು ಬಿಟ್ಟದ್ದು ಯಾವಾಗ, ಹೇಳ್ರಿ.

ಇದರ ಜೋಡಿ ಆನ್‌ಲೈನ್ ಕ್ಲಾಸಿನ ಸಂಕಟ ಬ್ಯಾರೆ. ಮೂವತ್ತ ಹುಡುಗೂರಾಗ ಹತ್ತ ಮನ್ಯಾಗ ಸ್ಮಾರ್ಟ್‌ಫೋನ್ ಇದ್ರ ಅದು ದೊಡ್ಡ ಮಾತು, ಆ ಫೋನೂ ಅಪ್ಪನ ಜೋಡಿ ಹೊಲಕ್ಕ ಹೋಗತೈತಿ. ಟೀಚರ್ ಮಾಳಗಿ ಏರಿ ನೆಟ್‌ವರ್ಕ್ ಹುಡುಕಿ ಪಾಠ ಮಾಡಿದ್ರ ಆ ಕಡೆ ಮಾರಿ ಕಾಣೂದಿಲ್ಲ, ಬರೇ ಕರೀ ಚೌಕ. ಮಾಸ್ತರಕಿ ಅನ್ನೂದು ಹುಡುಗೂರ ಕಣ್ಣ ನೋಡಿ ನಡಿಯೂ ಕೆಲಸ, ತಿಳಿತೋ ಇಲ್ಲೋ ಅಂತ ಕಣ್ಣಾಗ ಗೊತ್ತಾಗತೈತಿ, ಆ ಕಣ್ಣ ತಗದ್ರ ಉಳಿಯೂದು ಬರೇ ಬಾಯಿ ನೋವು. ಖಾಸಗಿ ಸಾಲಿ ಮಾಸ್ತರಗೋಳ ಕಥಿ ಅಂತೂ ಹೇಳಬ್ಯಾಡ್ರಿ, ಪಗಾರ ಅರ್ಧ, ಆಮ್ಯಾಲ ಇಲ್ಲ. ಅನುದಾನ ಇಲ್ಲದ ಸಾಲಿ ಶಿಕ್ಷಕರಿಗೆ 2021ರ ಜೂನ್‌ದಾಗ ರಾಜ್ಯ ಸರ್ಕಾರ ಘೋಷಿಸಿದ್ದು 5,000 ರೂಪಾಯಿ, ಒಂದ ಸಲಕ್ಕ. ಗುಳೇದಗುಡ್ಡದ ಕಡಿಯಿಂದ ನನ್ನ ಹತ್ತಿರ ಬಂದ ಒಬ್ಬ ಗಣಿತ ಮಾಸ್ತರ ಅಪ್ಪನ ಮಗ್ಗದ ಮ್ಯಾಲ ಕೂತು ಖಣ ನೇಯಾಕ ಹತ್ತಿದ್ದ. ಅವಗ ನೇಯೂದು ನಾಚಿಕಿ ಇರಲಿಲ್ಲ, ಸಂತಿಯೊಳಗ ತನ್ನ ವಿದ್ಯಾರ್ಥಿ ಎದುರು ಬಂದ್ರ ‘ಸರ್ ಸಾಲಿ ಯಾವಾಗ?’ ಅಂತ ಕೇಳೂದಕ್ಕ ಅಂಜಿ ಬ್ಯಾರೆ ಓಣಿ ಹಿಡೀತಿದ್ದ.

ಈ ದಣಿವಿಗೆ ನಮ್ಮ ಮಾನಸಿಕ ಡಾಕ್ಟರಗೋಳ ಭಾಷಾದಾಗ ಬರ್ನ್‌ಔಟ್ ಅಂತೀವಿ. 1974ರಾಗ ಫ್ರಾಯ್ಡೆನ್‌ಬರ್ಗರ್ ಅಂತ ಅಮೆರಿಕಾದ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರದ, ಆಮ್ಯಾಲ ಕ್ರಿಸ್ಟಿನಾ ಮ್ಯಾಸ್ಲಾಕ್ ಅನ್ನಾಕಿ ಇದನ್ನ ಅಳಿಯೂ ರೀತಿ ಮಾಡಿದ್ಲು. ಶಕ್ತಿ ಬತ್ತೂದು ಒಂದು, ಕೆಲಸದಿಂದ ಮನಸ್ಸು ದೂರ ಸರಿಯೂದು ಒಂದು, ‘ನನ್ನಿಂದ ಏನೂ ಆಗೂದಿಲ್ಲ’ ಅನಸೂದು ಒಂದು. ಹುಡುಗೂರ ಮಾರಿ ಕಾಣೂದಿಲ್ಲ, ನಂಬರ್ ಕಾಣತಾವ ಅಂತ ಬರದೀರಲ್ಲ, ಆ ಎರಡನೇದನ್ನ ಯಾವ ಪುಸ್ತಕಾನೂ ಇಷ್ಟ ಚಲೋ ಹೇಳಿಲ್ಲ. ಒಂದ ಮಾತು ನೆನಪಿರಲಿ: ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯೊಳಗ, ಐಸಿಡಿ-11 ಅಂತೀವಿ, ಬರ್ನ್‌ಔಟ್‌ನ್ನ ರೋಗ ಅಂತ ಬರದಿಲ್ಲ, ಕೆಲಸಕ್ಕ ಸಂಬಂಧಪಟ್ಟ ಸ್ಥಿತಿ ಅಂತ ಬರದಾರ. ಅಂದ್ರ ಕೆಟ್ಟದ್ದು ನಿಮ್ಮ ತಲಿ ಅಲ್ಲ, ಕೆಲಸ ಹಂಚಿದ ರೀತಿ.

ಅದಕ್ಕ ನನಗ ಈ ‘ಒತ್ತಡ ನಿರ್ವಹಣೆ ತರಬೇತಿ’ ಅಂದ್ರ ಅಷ್ಟಕ್ಕಷ್ಟ. ಒಮ್ಮೆ ಅಂಥಾ ಒಂದ ತರಬೇತಿಗೆ ನನ್ನ ಕರದಿದ್ರು, ಎಲ್ಲಿ ಅಂತ ಕೇಳಬ್ಯಾಡ್ರಿ. ನಾ ‘ಸಂಜಿ 6ರ ಮ್ಯಾಲ ಗ್ರೂಪಿನ್ಯಾಗ ಮಾಹಿತಿ ಕೇಳೂದು ಬಿಡ್ರಿ’ ಅಂತ ಹೇಳಾಕ ಹತ್ತಿದ್ದೆ, ಹಿಂದ ಕೂತ ಶಿಕ್ಷಕರ ಫೋನಿಗೆ ಮೆಸೇಜ್ ಬಂತು, ‘ಒತ್ತಡ ನಿರ್ವಹಣೆ ತರಬೇತಿಯ ಫೋಟೋ ಇಂದು ರಾತ್ರಿ 8ರೊಳಗೆ ಕಡ್ಡಾಯವಾಗಿ ಅಪ್‌ಲೋಡ್ ಮಾಡುವುದು’. ಇಡೀ ಹಾಲ್ ನಕ್ಕಿತು. ಆ ನಗುವ ಅವತ್ತಿನ ಚಿಕಿತ್ಸೆ ಆತು.

ನೀವು ಒಬ್ಬರ ಇಲಾಖೆ ಬದಲಿ ಮಾಡಾಕ ಆಗೂದಿಲ್ಲ ಖರೆ. ಆದ್ರ ನಿಮ್ಮ ಮುಖ್ಯ ಗುರುಗಳ ಜೋಡಿ ಕೂತು ಒಂದ ಮಾತು ಆಗಬಹುದು, ತುರ್ತು ಇದ್ರ ಫೋನ್ ಮಾಡ್ರಿ, ಇಲ್ಲಂದ್ರ ಗ್ರೂಪ್ ನಾ ಮುಂಜಾನೆ ಒಮ್ಮೆ, ಸಂಜಿ 5ಕ್ಕ ಒಮ್ಮೆ ನೋಡತೀನಿ ಅಂತ. ಹೇಳಿ ನೋಡ್ರಿ, ಅವರೂ ಅದನ್ನ ಕಾಯಾಕ ಹತ್ತಿರತಾರ. ನನ್ನ ಹತ್ತಿರ ಬರೂ ಮುಖ್ಯ ಗುರುಗಳು ಕಡಿಮಿ ಇಲ್ಲ.

ಆ ಟಿಂಗ್ ಸಪ್ಪಳದ ಬಗ್ಗೆ ಹೇಳತೀನಿ. 2021ರ ಏಪ್ರಿಲ್, ಮೇ ತಿಂಗಳದಾಗ ಆ ಗ್ರೂಪಿನ್ಯಾಗ ಏನ ಬರತಿತ್ತು ನೆನಪ ಮಾಡಿಕೊಳ್ರಿ. ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಒಂದ ಫೋಟೋ, ಅದರ ಕೆಳಗ ಐವತ್ತ ಮಂದಿ ಕೈ ಮುಗದ ಚಿತ್ರ, ಅದರ ಕೆಳಗ ‘ನಾಳೆ ಡ್ಯೂಟಿ ಪಟ್ಟಿ’. ಒಂದ ಸಪ್ಪಳಕ್ಕ ಸಾವೂ ಕಟ್ಟಿಕೊಂತು, ಡ್ಯೂಟಿನೂ ಕಟ್ಟಿಕೊಂತು. ಹಾವು ಕಡದಾವ ಹಗ್ಗಕ್ಕೂ ಅಂಜತಾನ ಅಂತಾರಲ್ಲ, ನಿಮ್ಮ ಎದಿಗೆ ಆ ಸಪ್ಪಳ ಅಂದ್ರ ಇನ್ನೂ ಆ ಏಪ್ರಿಲ್. ಮೊದಲ ಟೋನ್ ಬದಲಿ ಮಾಡ್ರಿ, ಗ್ರೂಪ್ ಮ್ಯೂಟ್ ಮಾಡ್ರಿ, ನೋಡೂ ಹೊತ್ತು ನೀವ ಆರಿಸ್ರಿ. ಒಂದ ಎರಡ ತಿಂಗಳ ಆದ ಮ್ಯಾಲ, ಮನಸ್ಸು ಹದಕ್ಕ ಬಂದ ಮ್ಯಾಲ, ಆ ಹಳೇ ಟೋನ್ ಬೇಕಂತ ಹಚ್ಚಿ ಕೇಳ್ರಿ, ಚಹಾ ಕುಡಕೋತ, ಮಗಳ ಜೋಡಿ ಮಾತಾಡಕೋತ. ಬರಬರತ ಎದಿ ಕಲೀತೈತಿ, ಇದು ಬರೇ ಸಪ್ಪಳ ಅಂತ. ಎದಿ ಬಡಕೊಳ್ಳೂ ಆ ಐದ ನಿಮಿಷಕ್ಕ ಮಾತ್ರ ಉಸಿರಾಟ ಖರೇನ ಕೆಲಸ ಮಾಡತೈತಿ, ಮೂಗಿನ್ಯಾಗ ನಾಕ ಎಣಿಸೂ ತನಕಾ ಒಳಗ, ಆರ ಎಣಿಸೂ ತನಕಾ ಸಾವಕಾಶ ಹೊರಗ, ಐದ ನಿಮಿಷ. ಹೊರಗ ಬಿಡೂ ಉಸಿರು ಉದ್ದ ಇದ್ರ ಎದಿಯ ಓಟ ಇಳೀತೈತಿ. ಪ್ರಾಣಾಯಾಮಕ್ಕ ನಾ ವೈರಿ ಅಲ್ರಿ, ಅದಕ್ಕ ಹೊರಲಾರದ ಭಾರ ಹೊರಸೂದಕ್ಕ ವೈರಿ.

ಇನ್ನ ದುಃಖ. ಇಲ್ಲಿ ಸ್ವಲ್ಪ ನಿಲ್ಲತೀನಿ, ಯಾಕಂದ್ರ ನಿಮ್ಮ ಗಂಟು ಇರೂದು ಇಲ್ಲೇ.

ನಮ್ಮ ಕಡೆ ಯಾರರ ಹೋದ್ರ ಮಣ್ಣಿಗೆ ಹೋಗತೀವಿ. ವೈರ ಇದ್ದವರೂ ಹೋಗತಾರ. ಮೂರನೇ ದಿನ, ಹನ್ನೊಂದನೇ ದಿನ, ಮನಿಮಂದಿ ಹಾಡ್ಯಾಡಿ ಅಳೂದು, ‘ಉಂಡಿಯೇನ ಯವ್ವಾ’ ಅಂತ ಬಂದವರು ಒತ್ತಾಯ ಮಾಡೂದು, ಇವೆಲ್ಲಾ ಸುಮ್ಮನ ಶಾಸ್ತ್ರ ಅಲ್ಲ, ಹೋದವರು ಹೋದ್ರು ಅಂತ ಮನಸ್ಸಿಗೆ ಒಪ್ಪಿಸೂ ಕೆಲಸ ಅದು. 2021ರಾಗ ಅದು ಒಂದೂ ಆಗಲಿಲ್ಲ. ಚೀಲದಾಗ ಕಟ್ಟಿದ ದೇಹ, ಪಿಪಿಇ ಹಾಕಿದ ನಾಕ ಮಂದಿ, ಮನಿಯವರೂ ದೂರ ನಿಂತು ನೋಡಿದ್ರು. ನೀವು ಮಣ್ಣಿಗೆ ಹೋಗಿಲ್ಲ, ಮಾರಿ ನೋಡಿಲ್ಲ, ನಿಮ್ಮ ಮಟ್ಟಿಗೆ ಆಕಿ ಸತ್ತೇ ಇಲ್ಲ, ಬರೇ ಸಾಲಿಗೆ ಬರೂದು ಬಿಟ್ಟಾಳ. ಮತ್ತ ಆಕಿ ಖುರ್ಚಿ ಮ್ಯಾಲ ಬ್ಯಾರೆಯವರು ಬಂದು ಕೂತ್ರು, ಮರುದಿನ ಮಾಹಿತಿ ಕೇಳಿದ್ರು. ದುಃಖ ಆರು ತಿಂಗಳ ದಾಟಿ ಹಂಗ ಹಸೀ ಇದ್ರ, ಬದುಕಿಗೆ ಅಡ್ಡ ಬಂದ್ರ, ಅದಕ್ಕ ಐಸಿಡಿ-11ದಾಗ ಬ್ಯಾರೆ ಹೆಸರ ಐತಿ, ದೀರ್ಘಕಾಲದ ಶೋಕ. ನಿಮ್ಮ ಮನಿಯವರು ‘ಇಷ್ಟ ವರ್ಷ ಆತು’ ಅಂದ್ರಲ್ಲ, ವರ್ಷ ಆದದ್ದ ಅದರ ಗುರುತು.

ಅದರ ಮ್ಯಾಲ ನಿಮಗ ಡ್ಯೂಟಿ ಚೀಟಿಯ ಪಾಪ. ‘ನಿಮ್ಮ ತಪ್ಪೇನಿಲ್ಲ ಬಿಡ್ರಿ’ ಅಂತ ನಿಮಗ ಭಾಳ ಮಂದಿ ಹೇಳಿರಬೇಕು, ಒಂದೂ ತಟ್ಟಿಲ್ಲ. ನಾ ಹಂಗ ಹೇಳೂದಿಲ್ಲ. ಒಂದ ಹಾಳಿ ತಗೋರಿ, ಜ್ವಾಳದ ರೊಟ್ಟಿಯಷ್ಟ ದೊಡ್ಡ ಗುಂಡ ಬರೀರಿ. ಇದು ಆಕಿ ಸಾವಿನ ಪೂರ್ತಿ ಕಾರಣ ಅಂತ ತಿಳೀರಿ. ಈಗ ಯಾರ್ಯಾರಿಗೆ ಎಷ್ಟೆಷ್ಟ ತುಣಕು ಅಂತ ಪಾಲು ಮಾಡ್ರಿ, ಷರತ್ತ ಒಂದ, ನಿಮ್ಮ ಪಾಲು ಎಲ್ಲಾರದೂ ಮುಗದ ಮ್ಯಾಲ ಕಡೀಗೆ. ಮೊದಲನೇ ತುಣಕು ಆ ವೈರಸ್ಸಿಗೆ, ಡೆಲ್ಟಾ ಅಂತ ಆಮ್ಯಾಲ ಹೆಸರ ಇಟ್ರಲ್ಲ, ಹಿಂದಿನ ತಳಿಗಿಂತ ಜೋರ ಹಬ್ಬಿದ್ದು. ಆಕಿಗೆ 38, ಆಗ ಲಸಿಕಿ 45 ದಾಟಿದ ಸಾಮಾನ್ಯ ಮಂದಿಗೆ ಇತ್ತು, 18 ದಾಟಿದವರಿಗೆ ಬಾಗಲಾ ತಗದದ್ದು ಮೇ 1ಕ್ಕ, ಅಷ್ಟೊತ್ತಿಗೆ ಆಕಿ ಇರಲಿಲ್ಲ, ಅದಕ್ಕೊಂದ ತುಣಕು. ಆ ದಿನದಾಗ ಹಾಸಿಗಿ, ಆಕ್ಸಿಜನ್ನಿಗೆ ಮಂದಿ ಅಲದಾಡಿದ್ರಲ್ಲ, ಅದಕ್ಕೊಂದು. ಸೋಂಕು ಹೊಕ್ಕು ಲಕ್ಷಣ ಕಾಣಾಕ ಎರಡರಿಂದ ಹದಿನಾಕ ದಿನ ಹಿಡೀತೈತಿ, ಆ ಹದಿನಾಕ ದಿನದಾಗ ಆಕಿ ಬಸ್ಸಿನ್ಯಾಗ ಕೂತಿರಬೇಕು, ಸಂತಿಗೆ ಹೋಗಿರಬೇಕು, ಯಾರದರ ಮದುವಿ ಉಂಡಿರಬೇಕು, ಮನ್ಯಾಗ ಯಾರರ ಹೊರಗಿಂದ ಬಂದಿರಬೇಕು. ಡ್ಯೂಟಿಯಿಂದನ ಬಂತು ಅಂತ ನಿಮಗ ಯಾರ ಹೇಳಿದ್ರು? ಪಟ್ಟಿಯೊಳಗ ನಿಮ್ಮ ಹೆಸರ ತಗದು ಆಕಿ ಹೆಸರ ಬರದ ಕೈ ನಿಮ್ಮದೇನು? ಅವರಿಗೂ ಒಂದು. ಈಗ ಉಳದದ್ದು ನೋಡ್ರಿ. ಒಂದ ತುಣಕು ಉಳದರೂ ಉಳದೀತು. ಅದನ್ನೂ ತಿರುವಿ ನೋಡ್ರಿ: ನಿಮಗ ಬಿಪಿ ಖರೇನ ಇತ್ತು, ಚೀಟಿ ಸುಳ್ಳ ಅಲ್ಲ, ಮುಂದ ಏನ ಆಗತೈತಿ ಅಂತ ಅವತ್ತ ನಿಮಗ ಗೊತ್ತಿರಲಿಲ್ಲ. ಇವತ್ತಿನ ತಿಳುವಳಿಕಿ ಹಿಡಕೊಂಡು ಅವತ್ತಿನ ನಿಮ್ಮನ್ನ ಕಟಕಟಿಗೆ ನಿಲ್ಲಸೂದು ನ್ಯಾಯ ಅಲ್ಲ. ಇದನ್ನ ಮನಸ್ಸಿನ್ಯಾಗ ಮಾಡಬ್ಯಾಡ್ರಿ, ಹಾಳಿ ಮ್ಯಾಲ ಗೆರಿ ಹಾಕಿ ಮಾಡ್ರಿ, ಮನಸ್ಸಿನ್ಯಾಗ ಮಾಡಿದ್ರ ಇಡೀ ರೊಟ್ಟಿ ಮತ್ತ ನಿಮ್ಮ ತಾಟಿಗೆ ಬಂದು ಬೀಳತೈತಿ.

ಆಮ್ಯಾಲ ಒಂದ ದಿನ ಆಕಿ ಮನಿಗೆ ಹೋಗಿ ಬರ್ರಿ. ಇಷ್ಟ ವರ್ಷ ಹೋಗಿಲ್ಲ ಅಂತ ನನ್ನ ಅಂದಾಜು, ಆಕಿ ಅವ್ವನ ಮಾರಿ ಹೆಂಗ ನೋಡಲಿ ಅಂತ ಅಂಜಿರತೀರಿ. ಆಕಿ ಮಕ್ಕಳಿಗೆ ಅವರವ್ವ ಸಾಲ್ಯಾಗ ಹೆಂಗ ಇದ್ಲು ಅಂತ ಹೇಳೂ ಮಂದಿ ನಿಮ್ಮ ಬಿಟ್ರ ಯಾರ ಅದಾರ? ಆಕಿ ಬುತ್ತಿಯೊಳಗ ಏನ ತರತಿದ್ಲು, ಯಾವ ಹುಡುಗಗ ಏನ ಅಡ್ಡಹೆಸರ ಇಟ್ಟಿದ್ಲು, ಅಷ್ಟ ಹೇಳ್ರಿ ಸಾಕು. ಮಣ್ಣ ಕೊಟ್ಟ ಜಾಗಾಕ್ಕೂ ಹೋಗ್ರಿ, ಹೂವು ಏರಸ್ರಿ, ಅಳು ಬಂದ್ರ ಅಳ್ರಿ. ತಡ ಆದ ಮಣ್ಣೂ ಮಣ್ಣ ಅದು.

ಇನ್ನೊಂದ ನಮೂನಿ ನೋವು ಐತಿ, ನೀವು ಬರದಿಲ್ಲ, ಆದ್ರ ನಿಮ್ಮ ಓರಗಿಯ ಟೀಚರ್ ಭಾಳ ಮಂದಿ ಹೇಳಿದ್ದು. ವಿದ್ಯಾಗಮಕ್ಕ ಅಂತ ಓಣಿಗೆ ಹೋದ್ರ ಏಳನೇತ್ತಾ ಚೂಟಿ ಹುಡುಗಿ ಕೊರಳಾಗ ತಾಳಿ ಇತ್ತು. ತಡಿಯಾಕ ಆಗಲಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಬೇಕಿತ್ತು, ಗೊತ್ತಾಗೂದ್ರಾಗ ಮುಗದಿತ್ತು. ಸರಿ ಅನಸಿದ್ದನ್ನ ಮಾಡಾಕ ಆಗದ ಕಣ್ಣಾರೆ ನೋಡಿ ಬಂದ ಈ ಗಾಯಕ್ಕ ನೈತಿಕ ಗಾಯ ಅಂತಾರ, ಮೊದಲ ಯುದ್ಧದಿಂದ ಬಂದ ಸೈನಿಕರ ಬಗ್ಗೆ ಹುಟ್ಟಿದ ಮಾತು, ಕೊರೊನಾದಾಗ ಡಾಕ್ಟರ್ ನರ್ಸಗಳ ಬಗ್ಗೆ ಭಾಳ ಬಳಸಿದ್ರು, ಮಾಸ್ತರಗೋಳ ಬಗ್ಗೆ ಅಷ್ಟ ಯಾರೂ ಅನ್ನಲಿಲ್ಲ. ನಿಮ್ಮೊಳಗ ಇಂಥಾದು ಇದ್ರ ಡಾಕ್ಟರ ಮುಂದ ಅದನ್ನೂ ತಗೀರಿ.

ಮೂರನೇದು ಕಾಯಿಲಿ. ನಸುಕಿನ್ಯಾಗ ಎಚ್ಚರ, ಸಂತೋಷ ಇಲ್ಲ, ಸಿಟ್ಟು, ಪಾಪದ ಭಾವ, ಸಾವಿನ ವಿಚಾರ, ಇಂಥಾವು ಎರಡ ವಾರ ದಾಟಿ ದಿನಾ ಇದ್ರ ನಾವು ಖಿನ್ನತೆ ಅಂತ ವಿಚಾರ ಮಾಡತೀವಿ, ನಿಮಗ ವರ್ಷ ಆಗೇತಿ. ಪತ್ರ ನೋಡಿ ರೋಗ ಬರದು ಕೊಡೂದು ಸರಿ ಅಲ್ಲ, ಎದುರ ಕೂತು ನೋಡಬೇಕು, ಆದ್ರ ನೋಡಿಸಿಕೊಳ್ಳಾಕ ಬೇಕು ಅನ್ನೂದ್ರಾಗ ನನಗ ಸಂಶಯ ಇಲ್ಲ. ನೀವು ಒಬ್ಬರ ಅಂತ ತಿಳಿಬ್ಯಾಡ್ರಿ, ಕೊರೊನಾದ ಮೊದಲನೇ ವರ್ಷದಾಗ ಜಗತ್ತಿನ್ಯಾಗ ಆತಂಕ, ಖಿನ್ನತೆ 25 ಪರ್ಸೆಂಟ್ ಹೆಚ್ಚಾತು ಅಂತ ವಿಶ್ವ ಆರೋಗ್ಯ ಸಂಸ್ಥೆನ ಹೇಳೇತಿ. ಹೋಗೂಮುಂದ ಥೈರಾಯ್ಡ್, ಹಿಮೋಗ್ಲೋಬಿನ್, ಬಿ-12 ರಕ್ತ ಪರೀಕ್ಷೆ ಮಾಡಿಸ್ರಿ, ಥೈರಾಯ್ಡ್ ಕೆಟ್ರೂ ಎದಿ ಬಡಕೋತೈತಿ, ಮನಸ್ಸು ಕುಗ್ಗತೈತಿ. 43 ಅಂದ್ರ ಮುಟ್ಟು ಹೆಚ್ಚು ಕಡಿಮಿ ಆಗೂ ವಯಸ್ಸು, ಅದನ್ನೂ ನಾಚಿಕಿ ಇಲ್ಲದ ಹೇಳ್ರಿ. ಖಿನ್ನತೆಗೆ ಕೊಡೂ ಗುಳಿಗಿ ನೀವು ತಗೊಳ್ಳೂ ನಿದ್ದಿ ಗುಳಿಗಿಯಂಥಾವಲ್ಲ, ಚಟ ಹಿಡಿಯೂದಿಲ್ಲ, ಮೊದಲನೇ ವಾರ ಸ್ವಲ್ಪ ವಾಕರಿಕಿ, ತಲಿನೋವು ಬರಬಹುದು, ಗುಣ ಕಾಣಾಕ ಎರಡರಿಂದ ನಾಕ ವಾರ, ಒಮ್ಮೊಮ್ಮೆ ಆರ ವಾರ ಬೇಕು. ಭಾಳ ಮಂದಿ ಹತ್ತ ದಿನಕ್ಕ ‘ಏನೂ ಆಗಲಿಲ್ಲ’ ಅಂತ ಬಿಡತಾರ, ಇಲ್ಲಾ ಎರಡ ತಿಂಗಳಕ್ಕ ‘ಆರಾಮ ಆತು’ ಅಂತ ಬಿಡತಾರ, ಎರಡೂ ತಪ್ಪ. ಆರಾಮ ಆದ ಮ್ಯಾಲೂ ಕಡಿಮಿ ಅಂದ್ರ ಆರು ತಿಂಗಳ ನಡಸಬೇಕು, ಬಿಡೂದನ್ನೂ ಡಾಕ್ಟರ್ ಹೇಳಿದಂಗ ಬಿಡಬೇಕು. ಜೋಡಿ ಮಾತಿನ ಚಿಕಿತ್ಸೆ ಇದ್ರ ಇನ್ನೂ ಚಲೋ, ಆ ರೊಟ್ಟಿ ಹಾಳಿ ಅಲ್ಲಿಗೆ ಒಯ್ರಿ.

ಆ ಹುಡುಗನ ಕಪಾಳದ ಮಾತು ನಾ ಬಿಡೂದಿಲ್ಲ ಅಕ್ಕಾರ. ಸಿಟ್ಟು ಕಾಯಿಲಿದು ಇರಬಹುದು, ಪೆಟ್ಟು ಬಿದ್ದದ್ದು ಅವನ ಮಾರಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡಿಯೂದನ್ನ ಪೂರ್ತಿ ಬ್ಯಾಡ ಅಂದೈತಿ, ಕಾಯ್ದೆ ಇರಲಿ, ನಿಮಗ ಅದ ಕೊರೀಲಾಕ ಹತ್ತೇತಿ. ನಾಳೆ ಅವನ್ನ ಕರದು ‘ತಪ್ಪಾತು ಪಾ, ನನಗ ಆರಾಮ ಇರಲಿಲ್ಲ, ನಿನ್ನ ತಪ್ಪಲ್ಲ’ ಅನ್ರಿ. ಟೀಚರ್ ತಪ್ಪಾತು ಅಂದದ್ದು ಆ ಹುಡುಗ ಜನ್ಮಕ್ಕ ಮರಿಯೂದಿಲ್ಲ. ಅವರವ್ವಗೂ ಹೇಳ್ರಿ.

ಸರ್ವಿಸ್ ರೆಕಾರ್ಡಿನ ಅಂಜಿಕಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ 29ರಿಂದ ಜಾರಿ ಆದದ್ದು, ನಿಮ್ಮ ಕಾಯಿಲಿ, ಚಿಕಿತ್ಸೆ ಗುಟ್ಟಾಗಿ ಇರೂದು ನಿಮ್ಮ ಹಕ್ಕು ಅಂತ ಹೇಳತೈತಿ. ಜೀವಕ್ಕ ಅಪಾಯ ಇದ್ದಂಥಾ ಕೆಲವು ಸಂದರ್ಭ ಬಿಟ್ರ ನಿಮ್ಮನ್ನ ಕೇಳದ ಡಾಕ್ಟರ್ ಯಾರ ಮುಂದೂ ಹೇಳೂಹಂಗಿಲ್ಲ. ದವಾಖಾನಿ ಓಪಿಡಿ ಚೀಟಿ ತಾನ ನಡಕೋತ ಶಿಕ್ಷಣ ಇಲಾಖೆಯ ಡಿಡಿಪಿಐ ಆಫೀಸಿಗೆ ಹೋಗೂದಿಲ್ಲ. ಊರಿನ ಮಾತಿಗೆ ಮಾತ್ರ ನನ್ನ ಹತ್ತಿರ ಕಾಯ್ದೆ ಇಲ್ಲ. ಶುಗರ್ ತೋರಸಾಕ ಹೊಂಟೀನಿ ಅಂತ ಹೇಳಿ ಬರೂ ಮಂದಿ ನನ್ನ ಹತ್ತಿರ ಭಾಳ ಅದಾರ, ಅಷ್ಟ ಸುಳ್ಳ ನಡೀತೈತಿ, ದೇವರ ಏನೂ ಅನ್ನೂದಿಲ್ಲ.

ನಿಮ್ಮ ಮನಿಯವರಿಗೂ ಒಂದ ಮಾತು. ಅಣ್ಣಾರ, ನೀವು ಕೆಟ್ಟ ಮನಸಿಂದ ಅಂದಿಲ್ಲ, ಗೊತ್ತೈತಿ. ಆದ್ರ ಇನ್ನ ಒಂದ ತಿಂಗಳ ‘ವಿಚಾರ ಮಾಡಬ್ಯಾಡ’ ಅನ್ನೂದ ಬಿಟ್ಟು ನಸುಕಿನ್ಯಾಗ 3ಕ್ಕ ಅವರು ಎದ್ರ ನೀವೂ ಎದ್ದು ಒಂದ ಲೋಟಾ ನೀರ ಕೊಟ್ಟು ಹಂತೇಲಿ ಕುಂದರ್ರಿ, ಏನೂ ಮಾತಾಡಬ್ಯಾಡ್ರಿ.

ಮತ್ತ ಅಂಥಾ ರೋಗ ಬಂದ್ರ ಅಂತ ಕೇಳೀರಿ. ಬಂದ್ರ ಬರಬಹುದು, ನಾ ಬರೂದಿಲ್ಲ ಅಂತ ಹೆಂಗ ಅನ್ನಲಿ. ಆದ್ರ ಹೋದ ಸಲ ನೀವು ಪ್ರವಾಹದ ದಣಿವು ಹೊತ್ತಗೊಂಡ ಕೊರೊನಾಕ್ಕ ಇಳದಿದ್ರಿ. ಈಗ ಹೊತ್ತಿದ್ದನ್ನ ಕೆಳಗ ಇಡೂದು ಮೊದಲಿನ ಕೆಲಸ.

ಎಲ್ಲಿ ಹೋಗಬೇಕಂದ್ರ, ತಾಲೂಕು ಸರ್ಕಾರಿ ದವಾಖಾನಿಗೆ ಮನೋಚೈತನ್ಯ ಕಾರ್ಯಕ್ರಮದಾಗ ಮಂಗಳವಾರ ಮನೋರೋಗ ತಜ್ಞರು ಬರೂ ವ್ಯವಸ್ಥಾ ಐತಿ, ನಿಮ್ಮ ಕಡೆ ಯಾವ ಮಂಗಳವಾರ ಅಂತ ಮೊದಲ ಫೋನ್ ಮಾಡಿ ಕೇಳಕೊಳ್ರಿ. ಊರ ಮಂದಿ ಕಣ್ಣು ಬ್ಯಾಡ ಅಂದ್ರ ಧಾರವಾಡದ ಡಿಮ್ಹಾನ್ಸ್‌ಗೆ, ಅಲ್ಲಿನ ಸರ್ಕಾರಿ ಮಾನಸಿಕ ದವಾಖಾನಿಗೆ, ಹೋಗ್ರಿ, ಅಲ್ಲಿ ನಿಮ್ಮನ್ನ ಯಾರ ಗುರ್ತ ಹಿಡೀತಾರ. ಬಿಪಿ ಗುಳಿಗಿ ಹೆಸರು, ಆ ಇಸಿಜಿ, ಒಂದ ವಾರ ಎಷ್ಟೊತ್ತಿಗೆ ಮಲಗಿದ್ರಿ ಎಷ್ಟೊತ್ತಿಗೆ ಎದ್ರಿ ಅಂತ ಬರದ ಚೀಟಿ ತಗೊಂಡ ಹೋಗ್ರಿ. ಮತ್ತ ಆ ಅಲ್ಪ್ರಜೋಲಾಮ್ ಪಟ್ಟಿ ಒಯ್ಯೂದ ಮರೀಬ್ಯಾಡ್ರಿ, ಖಾಲಿ ಆಗಿದ್ರೂ ನಡೀತೈತಿ, ಹೆಸರು ಮತ್ತ ಎಷ್ಟ ಎಂಜಿ ಅಂತ ಓದಾಕ ಬಂದ್ರ ಸಾಕು.